ಬೆಳಿಗ್ಗೆ ವಿಮಾನ, ಸಂಜೆ ಹಡಗು: ಬಾರ್ಸಿಲೋನಾಗೆ ಎಷ್ಟು ದಿನ ಮೊದಲು ಹೋಗಬೇಕು?

ಪ್ರಶ್ನೆ: ಬರುವ ಮೇ ತಿಂಗಳಲ್ಲಿ ಸ್ಪೇನ್‌ನ ಬಾರ್ಸಿಲೋನಾದಿಂದ ಏಳು ರಾತ್ರಿಯ ಕ್ರೂಸ್‌ಗೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಹನ್ನೊಂದು ವರ್ಷದ ಮಗ, ಎಪ್ಪತ್ತೊಂದು ವರ್ಷದ ಅತ್ತೆ. ಅತ್ತೆಯವರಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್ ಬೇಕು. ಹಡಗು ಭಾನುವಾರ ಸಂಜೆ 6ಕ್ಕೆ ಹೊರಟು ಮಾರ್ಸೇ, ಜಿನೋವಾ, ನೇಪಲ್ಸ್, ಪಾಲ್ಮಾ ಮುಟ್ಟಿ ಮುಂದಿನ ಭಾನುವಾರ ಬೆಳಿಗ್ಗೆ ಬಾರ್ಸಿಲೋನಾಗೇ ವಾಪಸ್ ಬರುತ್ತದೆ. ನಮ್ಮ ಏಜೆಂಟರು ಅದೇ ಭಾನುವಾರ ಬೆಳಿಗ್ಗೆ 8ಕ್ಕೆ ಇಳಿಯುವ ವಿಮಾನ ತೋರಿಸಿ, “ಹತ್ತು ಗಂಟೆ ಇದೆಯಲ್ಲ, ಸಾಕು. ತಡವಾದರೂ ಹಡಗಿನವರು ಕಾಯುತ್ತಾರೆ” ಎನ್ನುತ್ತಾರೆ. ಭಾವನವರು “ನಾಲ್ಕು ದಿನ ಮೊದಲೇ ಹೋಗಿ, ಮ್ಯಾಡ್ರಿಡ್ ಕೂಡ ನೋಡಿಕೊಂಡು ಬನ್ನಿ” ಎನ್ನುತ್ತಾರೆ. ಅಷ್ಟು ದಿನ ಯುರೋ ಕೊಟ್ಟು ಹೋಟೆಲಿನಲ್ಲಿ ಇರುವುದು ದಂಡವಲ್ಲವೇ? ಇದ್ದರೆ ಬಂದರಿನ ಹತ್ತಿರ ಇರಬೇಕೋ ಊರೊಳಗೋ? ಹಡಗು ಹತ್ತುವ ಮೊದಲಿನ ದಿನಗಳು ವೀಸಾ ಲೆಕ್ಕಕ್ಕೆ ಬರುವುದಿಲ್ಲವಂತೆ, ನಿಜವೇ? ಅಲ್ಲಿ ಜೇಬುಗಳ್ಳರ ಕಾಟ ಜಾಸ್ತಿ ಎಂದು ಕೇಳಿ ಅತ್ತೆಯವರು ಹೆದರಿದ್ದಾರೆ.

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ, ಕಾರಣ ಆಮೇಲೆ. ಶುಕ್ರವಾರ ಬೆಳಿಗ್ಗೆ ಬಾರ್ಸಿಲೋನಾದಲ್ಲಿ ಇಳಿಯಿರಿ. ಎರಡು ರಾತ್ರಿ ಇದ್ದು ಭಾನುವಾರ ಮಧ್ಯಾಹ್ನ ಹಡಗು ಹತ್ತಿ. ಗುರುವಾರವೇ ಇಳಿದು ಮೂರನೆಯ ರಾತ್ರಿ ಸೇರಿಸಿಕೊಳ್ಳುವುದು ನಿಮ್ಮ ಅನುಕೂಲಕ್ಕೆ ಬಿಟ್ಟದ್ದು. ಆದರೆ ಅದೇ ದಿನ ಇಳಿದು ಅದೇ ದಿನ ಹತ್ತುವುದನ್ನು, ನಿಮ್ಮ ಮನೆಯ ಪರಿಸ್ಥಿತಿ ತಿಳಿದ ಮೇಲೆ, ನಾನು ಒಪ್ಪಲಾರೆ.

ಏಜೆಂಟರು ಹೇಳಿದ ಹತ್ತು ಗಂಟೆಯನ್ನು ಬಿಡಿಸಿ ನೋಡೋಣ. ಸಂಜೆ 6 ಎನ್ನುವುದು ಹಡಗು ಹಗ್ಗ ಬಿಚ್ಚುವ ಹೊತ್ತು, ನೀವು ಹತ್ತುವ ಹೊತ್ತಲ್ಲ. ಚೆಕ್-ಇನ್ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಗಂಟೆ ಮೊದಲೇ ಮುಚ್ಚುತ್ತದೆ, ಪ್ರಯಾಣಿಕರ ಪಟ್ಟಿಯನ್ನು ಅಧಿಕಾರಿಗಳಿಗೆ ಕೊಡಬೇಕಾಗಿರುತ್ತದೆ. ಅಂದರೆ ನಿಮ್ಮ ಗಡುವು ಸುಮಾರು 4:30. ಈ ಕಡೆ 8ಕ್ಕೆ ಇಳಿದರೆ ಇಮಿಗ್ರೇಷನ್ ಸಾಲು, ಲಗೇಜು, ಟ್ಯಾಕ್ಸಿ ಎಲ್ಲ ಮುಗಿಯುವಾಗ 11 ಆದರೂ ಆಶ್ಚರ್ಯವಿಲ್ಲ. ಷೆಂಗೆನ್ ಎಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು; ಅದರ ಗಡಿಗಳಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಪ್ರಯಾಣಿಕರನ್ನು ಕಂಪ್ಯೂಟರಿನಲ್ಲಿ ನೋಂದಾಯಿಸುವ ಹೊಸ ವ್ಯವಸ್ಥೆ 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಬಂದಿದೆ. ಮೊದಲ ಸಲ ಬರುವವರ ಮುಖದ ಚಿತ್ರವನ್ನೂ ತೆಗೆದುಕೊಳ್ಳುವುದರಿಂದ ಸಾಲು ನಿಧಾನವಾಗಬಹುದು. ಇಷ್ಟೆಲ್ಲ ಕಳೆದರೆ ನಿಮ್ಮ ಕೈಯಲ್ಲಿ ಉಳಿಯುವುದು ಐದೂವರೆ ಗಂಟೆ. ಬೆಂಗಳೂರಿನಿಂದ ಬಾರ್ಸಿಲೋನಾಗೆ ನೇರ ವಿಮಾನ ಇಲ್ಲ. ದುಬೈ, ದೋಹಾ, ಅಬುಧಾಬಿ, ಫ್ರಾಂಕ್‌ಫರ್ಟ್ ಹೀಗೆ ಎಲ್ಲೋ ಒಂದು ಕಡೆ ಇಳಿದು ಹತ್ತಬೇಕು. ಆ ಮಧ್ಯದ ವಿಮಾನ ಒಂದು ತಪ್ಪಿತೆಂದರೆ ಮುಂದಿನದು ಐದೂವರೆ ಗಂಟೆಯೊಳಗೆ ಸಿಕ್ಕಿ, ಅದರಲ್ಲಿ ನಾಲ್ಕು ಸೀಟು ಖಾಲಿ ಇರಬೇಕು. ನಾಲ್ಕು ಜನ ಒಟ್ಟಿಗೆ ಹೋಗುವವರಿಗೆ ಇದೇ ದೊಡ್ಡ ತೊಡಕು. ಒಬ್ಬರಿಗೆ ಸೀಟು ಸಿಕ್ಕೀತು, ನಾಲ್ವರಿಗೆ ಸಿಗುವುದು ಕಷ್ಟ.

ಇನ್ನು “ಹಡಗು ಕಾಯುತ್ತದೆ” ಎಂಬ ಮಾತು. ಇದು ಎಲ್ಲಿಂದ ಹುಟ್ಟಿತು ಎಂದು ನನಗೆ ಗೊತ್ತು. ಪ್ರವಾಸದ ನಡುವೆ ಹಡಗಿನ ಕಂಪನಿಯೇ ಏರ್ಪಡಿಸಿದ ಬಸ್ ಸುತ್ತಾಟ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ಅದನ್ನೇ ಜನ ಮೊದಲ ದಿನಕ್ಕೂ ಅನ್ವಯಿಸಿಕೊಳ್ಳುತ್ತಾರೆ. ವಿಮಾನದ ಟಿಕೆಟ್ಟನ್ನೂ ಕ್ರೂಸ್ ಕಂಪನಿಯ ಮೂಲಕವೇ ಕೊಂಡಿದ್ದರೆ, ತಪ್ಪಿಸಿಕೊಂಡವರನ್ನು ಮುಂದಿನ ಬಂದರಿಗೆ ಮುಟ್ಟಿಸಲು ಅವರು ನೆರವಾಗಬಹುದು. ಹಾಗೆಂದು ಮೂರು ಸಾವಿರ ಜನರನ್ನು ಕೂರಿಸಿಕೊಂಡು ಒಂದು ಕುಟುಂಬಕ್ಕಾಗಿ ಹಡಗು ನಿಲ್ಲುವುದಿಲ್ಲ. ಬಂದರಿನಲ್ಲಿ ಅದಕ್ಕೆ ಕೊಟ್ಟ ಜಾಗ, ದಾರಿ ತೋರಿಸುವ ಪೈಲಟ್, ಮರುದಿನದ ಬಂದರಿನ ಸರದಿ ಎಲ್ಲವೂ ಗಂಟೆಯ ಲೆಕ್ಕದ ಮೇಲೆ ನಿಂತಿರುತ್ತವೆ. ನಿಮ್ಮ ಮುಂದಿನ ಬಂದರು ಮಾರ್ಸೇ, ರಸ್ತೆಯಲ್ಲಿ ಸುಮಾರು 500 ಕಿಲೋಮೀಟರ್. ರಾತ್ರಿಯಿಡೀ ನಿದ್ದೆಗೆಟ್ಟ ಅತ್ತೆಯವರನ್ನೂ ಮಗುವನ್ನೂ ಕರೆದುಕೊಂಡು ಆ ಓಟ ಓಡುವುದು ನಿಮಗೆ ಬೇಡ.

ನಾವು ಮೂರು ಗಂಟೆ ತಡವಾಗಿ ತಲುಪಿದರೂ ಹೇಗೋ ಸುಧಾರಿಸಬಹುದು. ನಮ್ಮ ಪೆಟ್ಟಿಗೆ ಒಂದು ದಿನ ತಡವಾದರೆ ಸುಧಾರಿಸುವುದು ಬಹಳ ಕಷ್ಟ. ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೂ, ಮೊದಲೇ ಹೋಗಿ ಎಂದು ನಾನು ಹೇಳುವುದು ಮನುಷ್ಯರಿಗಿಂತ ಹೆಚ್ಚಾಗಿ ಪೆಟ್ಟಿಗೆಗಾಗಿ. ಮಧ್ಯದ ನಿಲ್ದಾಣದಲ್ಲಿ ಒಂದು ವಿಮಾನದಿಂದ ಇನ್ನೊಂದಕ್ಕೆ ಜನ ಓಡಿ ಹತ್ತಿಬಿಡುತ್ತಾರೆ, ಲಗೇಜು ಹಿಂದೆ ಉಳಿಯುತ್ತದೆ. ಹಾಗೆ ಉಳಿದ ಪೆಟ್ಟಿಗೆಗಳು ಬಹುಪಾಲು ಮುಂದಿನ ಒಂದೆರಡು ವಿಮಾನಗಳಲ್ಲಿ ಬಂದುಬಿಡುತ್ತವೆ. ನೀವು ಹೋಟೆಲಿನಲ್ಲಿದ್ದರೆ ಅದು ನಿಮ್ಮ ಬಾಗಿಲಿಗೇ ಬರುತ್ತದೆ. ನೀವು ಹಡಗಿನಲ್ಲಿದ್ದರೆ? ವಿಳಾಸವೇ ದಿನಕ್ಕೊಂದು ಊರಿಗೆ ಹೋಗುತ್ತಿರುತ್ತದೆ.

ನಾನು ಈ ಕೆಲಸಕ್ಕೆ ಬಂದ ಹೊಸತರಲ್ಲಿ ಒಂದು ದಂಪತಿಯನ್ನು ಇದೇ ರೀತಿ ಅದೇ ದಿನದ ವಿಮಾನದಲ್ಲಿ ಕಳಿಸಿದ್ದೆ. ಅವರು ಸಮಯಕ್ಕೆ ಸರಿಯಾಗಿ ಹಡಗು ಹತ್ತಿದರು, ಎರಡು ಪೆಟ್ಟಿಗೆಗಳಲ್ಲಿ ಒಂದು ಬರಲಿಲ್ಲ. ವಿಮಾನ ಕಂಪನಿ ಅದನ್ನು ಮಾರನೇ ದಿನ ಬಾರ್ಸಿಲೋನಾಗೆ ತಂದಿತು, ಹಡಗು ಅಷ್ಟು ಹೊತ್ತಿಗೆ ಫ್ರಾನ್ಸ್‌ನಲ್ಲಿತ್ತು. ಫ್ರಾನ್ಸ್‌ಗೆ ಕಳಿಸಿದಾಗ ಹಡಗು ಇಟಲಿಯಲ್ಲಿತ್ತು. ಪೆಟ್ಟಿಗೆ ಅವರ ಕೈಗೆ ಸಿಕ್ಕಿದ್ದು ಪ್ರವಾಸ ಮುಗಿದ ಮೇಲೆ. ಬಟ್ಟೆ ಹೇಗೋ ಹೊಂದಿಸಿಕೊಂಡರು. ಆ ತಾಯಿಯ ರಕ್ತದೊತ್ತಡದ ಮಾತ್ರೆ ಅದರೊಳಗೇ ಉಳಿದಿತ್ತು. ಹಡಗಿನ ವೈದ್ಯರು ಬೇರೆ ಮಾತ್ರೆ ಕೊಟ್ಟು ನೋಡಿಕೊಂಡರು. ಆದರೂ ಆ ವಾರ ಅವರು ಪಟ್ಟ ಆತಂಕಕ್ಕೆ ನಾನೇ ಹೊಣೆ ಎಂಬುದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಅಂದಿನಿಂದ ಔಷಧಿ ತೆಗೆದುಕೊಳ್ಳುವ ಯಾರನ್ನೂ ನಾನು ಅದೇ ದಿನ ಇಳಿಸಿ ಹತ್ತಿಸಿಲ್ಲ.

ಪೆಟ್ಟಿಗೆ ಬರದಿದ್ದರೆ ಮಾಡಬೇಕಾದದ್ದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬ್ಯಾಗೇಜ್ ಕೌಂಟರಿನಲ್ಲಿ ಲಿಖಿತ ದೂರು ಕೊಟ್ಟು ಅದರ ನಂಬರು ಪಡೆಯದೆ ವಿಮಾನ ನಿಲ್ದಾಣದಿಂದ ಹೊರಗೆ ಬರಬೇಡಿ. ಹೋಟೆಲಿನ ವಿಳಾಸದ ಜೊತೆಗೆ ಹಡಗಿನ ಹೆಸರು, ಯಾವ ದಿನ ಯಾವ ಬಂದರು ಎಂಬ ಪಟ್ಟಿಯನ್ನೂ ಕೊಡಿ. ಅನಿವಾರ್ಯವಾಗಿ ಕೊಂಡ ಬಟ್ಟೆ, ಸಾಮಾನುಗಳ ರಸೀದಿ ಇಟ್ಟುಕೊಳ್ಳಿ. ಭಾರತ, ಸ್ಪೇನ್ ಎರಡೂ ಒಪ್ಪಿರುವ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 21 ದಿನವಾದರೂ ಬರದ ಪೆಟ್ಟಿಗೆಯನ್ನು ಕಳೆದುಹೋದದ್ದೆಂದು ಪರಿಗಣಿಸಿ ಪರಿಹಾರ ಕೇಳಬಹುದು. ತಡವಾಗಿ ಬಂದರೆ, ಕೈಗೆ ಸಿಕ್ಕ 21 ದಿನದೊಳಗೆ ಲಿಖಿತವಾಗಿ ಕೇಳಬೇಕು. ಹೊರಡುವ ಮೊದಲೇ ಒಂದು ಸಣ್ಣ ಕೆಲಸ ಮಾಡಿ: ನಾಲ್ವರ ಬಟ್ಟೆಯನ್ನೂ ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ ಎಂದು ತುಂಬದೆ ಎಲ್ಲ ಪೆಟ್ಟಿಗೆಗಳಲ್ಲೂ ಹಂಚಿ ತುಂಬಿ. ಒಂದು ಕಳೆದರೂ ಯಾರೊಬ್ಬರೂ ಬರಿಗೈಯಾಗುವುದಿಲ್ಲ.

ಅತ್ತೆಯವರ ಇನ್ಸುಲಿನ್ ಮಾತ್ರ ಯಾವ ಕಾರಣಕ್ಕೂ ದೊಡ್ಡ ಪೆಟ್ಟಿಗೆಗೆ ಹೋಗಕೂಡದು. ಕಳೆದುಹೋಗುವ ಭಯ ಒಂದು ಕಡೆ, ವಿಮಾನದ ಸರಕು ಭಾಗದ ಚಳಿಗೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು ಎಂಬುದು ಇನ್ನೊಂದು ಕಡೆ. ವೈದ್ಯರ ಚೀಟಿಯ ಜೊತೆ ಕೈಚೀಲದಲ್ಲೇ ಇರಲಿ, ಬೇಕಾದ್ದಕ್ಕಿಂತ ಜಾಸ್ತಿಯೇ ಇರಲಿ. ಮೇ ತಿಂಗಳಲ್ಲಿ ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಹೊರಡುವ ಮೊದಲು ನಿಮ್ಮ ವೈದ್ಯರನ್ನು ಕಂಡು, ಪ್ರಯಾಣದ ದಿನ ಚುಚ್ಚುಮದ್ದಿನ ಹೊತ್ತನ್ನು ಹೇಗೆ ಹೊಂದಿಸಬೇಕೆಂದು ಬರೆಸಿಕೊಳ್ಳಿ. ಊಟದ ಹೊತ್ತಿನ ವಿಷಯವೂ ಇದೆ. ಬಾರ್ಸಿಲೋನಾದಲ್ಲಿ ಮಧ್ಯಾಹ್ನದ ಊಟ ಎರಡು ಗಂಟೆಯ ಸುಮಾರಿಗೆ. ರಾತ್ರಿ ಎಂಟೂವರೆಗೆ ಮೊದಲು ಅನೇಕ ಹೋಟೆಲುಗಳ ಅಡುಗೆಮನೆ ತೆರೆಯುವುದೇ ಇಲ್ಲ. ಏಳಕ್ಕೆ ಇನ್ಸುಲಿನ್ ತೆಗೆದುಕೊಂಡು ಊಟ ಹುಡುಕುತ್ತಾ ನಡೆಯುವ ಸ್ಥಿತಿ ಅತ್ತೆಯವರಿಗೆ ಬರಬಾರದು. ಮೊದಲ ದಿನವೇ ಸೂಪರ್ ಮಾರ್ಕೆಟ್ಟಿಗೆ ಹೋಗಿ ಬ್ರೆಡ್ಡು, ಮೊಸರು, ಹಣ್ಣು ತಂದು ಕೋಣೆಯಲ್ಲಿಟ್ಟುಕೊಳ್ಳಿ. ಶನಿವಾರವೇ ಎಲ್ಲ ಮುಗಿಸಿ, ಏಕೆಂದರೆ ಭಾನುವಾರ ಅಲ್ಲಿ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ.

ವೀಸಾ ವಿಷಯಕ್ಕೆ ಬರೋಣ. ಹಡಗು ಹತ್ತುವ ಮೊದಲಿನ ದಿನಗಳು ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಪೂರ್ತಿ ತಪ್ಪು, ಅಪಾಯಕಾರಿ ತಪ್ಪು. ನೀವು ಷೆಂಗೆನ್ ಗಡಿ ದಾಟಿದ ದಿನದಿಂದಲೇ ಎಣಿಕೆ ಶುರು. ಬಂದ ದಿನವೂ ಒಂದು, ಹೊರಟ ದಿನವೂ ಒಂದು. ಫ್ರಾಂಕ್‌ಫರ್ಟ್ ಮೂಲಕ ಹೋದರೆ ಆ ಗಡಿ ಫ್ರಾಂಕ್‌ಫರ್ಟ್‌ನಲ್ಲೇ ಬರುತ್ತದೆ, ಆದ್ದರಿಂದ ಅಲ್ಲಿ ಮುಂದಿನ ವಿಮಾನಕ್ಕೆ ಸಾಕಷ್ಟು ಅಂತರ ಬೇಕು. ದುಬೈ, ದೋಹಾ ಮೂಲಕವಾದರೆ ಬಾರ್ಸಿಲೋನಾದಲ್ಲಿ. ಭಾನುವಾರದಿಂದ ಭಾನುವಾರ ಎಂದರೆ 8 ದಿನ, ಶುಕ್ರವಾರ ಇಳಿದರೆ 10, ಗುರುವಾರ ಇಳಿದರೆ 11. ವೀಸಾ ಚೀಟಿಯ ಮೇಲೆ ಎರಡು ಬೇರೆ ಬೇರೆ ವಿಷಯ ಅಚ್ಚಾಗಿರುತ್ತದೆ: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಮತ್ತು ಅದರೊಳಗೆ ಎಷ್ಟು ದಿನ ಇರಬಹುದು. ಜನ ತಾರೀಖು ನೋಡಿ ಸಮಾಧಾನಪಟ್ಟುಕೊಂಡು ದಿನಗಳ ಸಂಖ್ಯೆಯನ್ನು ನೋಡುವುದೇ ಇಲ್ಲ. ಎಂಟು ದಿನದ ಪ್ರವಾಸಕ್ಕೆ ಅರ್ಜಿ ಹಾಕಿ, ಆಮೇಲೆ ಎರಡು ರಾತ್ರಿ ಸೇರಿಸಿಕೊಂಡರೆ ಅಲ್ಲೇ ಸಿಕ್ಕಿಬೀಳುತ್ತೀರಿ. ಆದ್ದರಿಂದ ಹೋಟೆಲ್ ರಾತ್ರಿಗಳನ್ನು ಅರ್ಜಿಗೆ ಮೊದಲೇ ನಿರ್ಧರಿಸಿ, ಅದರ ಬುಕಿಂಗನ್ನೂ ಲಗತ್ತಿಸಿ.

ಇದರಲ್ಲಿ ನಿಮಗೆ ಒಂದು ಲಾಭವೂ ಇದೆ. ಷೆಂಗೆನ್ ವೀಸಾಗೆ ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ಇರುವ ದೇಶಕ್ಕೆ, ಎಲ್ಲವೂ ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಒಂದು ದಿನ ಫ್ರಾನ್ಸ್, ಎರಡು ದಿನ ಇಟಲಿ ಎಂದು ಹರಡಿಕೊಂಡ ಕ್ರೂಸಿನಲ್ಲಿ ಇದು ಗೊಂದಲದ ವಿಷಯ. ಬಾರ್ಸಿಲೋನಾದಲ್ಲಿ ಎರಡು ರಾತ್ರಿ ಸೇರಿಸಿದ ಕೂಡಲೇ ಸ್ಪೇನ್ ಎಂಬುದು ಯಾರು ನೋಡಿದರೂ ಸ್ಪಷ್ಟ. ನಿಮ್ಮ ಬಂದರುಗಳೆಲ್ಲ ಷೆಂಗೆನ್ ಒಳಗೇ ಇವೆ. ಹಾಗಿದ್ದರೂ ಹಲವು ಸಲ ಪ್ರವೇಶಿಸಬಹುದಾದ ವೀಸಾವನ್ನೇ ಕೇಳಿ ಎನ್ನುತ್ತೇನೆ. ಹಡಗಿನ ದಾರಿ ಬದಲಾಗಿ ಟ್ಯುನೀಷಿಯಾದಂಥ ಹೊರಗಿನ ದೇಶ ಸೇರಿಕೊಂಡರೆ ಒಂದೇ ಪ್ರವೇಶದ ವೀಸಾದಲ್ಲಿ ಸ್ಪೇನ್‌ಗೆ ಮರಳಿ ಬರಲಾಗದು. ಕ್ರೂಸ್ ಕಂಪನಿ ಏನು ಕೇಳುತ್ತದೆ ಎಂಬುದನ್ನೂ ಬರಹದಲ್ಲಿ ಪಡೆಯಿರಿ. ಹಡಗಿನ ಬಾಗಿಲಲ್ಲಿ ನಡೆಯುವುದು ಅವರ ಮಾತೇ. ವೀಸಾಗೆ ಬೇಕಾದ 30,000 ಯುರೋ ವೈದ್ಯಕೀಯ ವಿಮೆ ಎಲ್ಲರೂ ಮಾಡಿಸುತ್ತಾರೆ. ಅದರಲ್ಲಿ ಹಡಗಿನ ಮೇಲಿನ ಚಿಕಿತ್ಸೆ, ಮೊದಲೇ ಇದ್ದ ಸಕ್ಕರೆ ಕಾಯಿಲೆಯಿಂದ ಬರುವ ತೊಂದರೆ, ಹಡಗು ತಪ್ಪಿದರೆ ಆಗುವ ನಷ್ಟ ಇವು ಮೂರೂ ಸೇರಿವೆಯೇ ಎಂದು ಕೇಳಿ ನೋಡಿ. ಎಲ್ಲ ಪಾಲಿಸಿಗಳಲ್ಲಿ ಇವು ಇರುವುದಿಲ್ಲ.

ಎಲ್ಲಿ ಉಳಿಯಬೇಕು? “ಬಂದರಿನ ಹತ್ತಿರ” ಎಂಬ ಹೋಟೆಲ್ ಜಾಹೀರಾತಿಗೆ ಮರುಳಾಗಬೇಡಿ. ಬಾರ್ಸಿಲೋನಾದಲ್ಲಿ ದೊಡ್ಡ ಕ್ರೂಸ್ ಹಡಗುಗಳು ನಿಲ್ಲುವುದು ಬಹುಪಾಲು ಮೊಲ್ ಅಡೊಸಾಟ್ ಎಂಬ, ಸಮುದ್ರದೊಳಕ್ಕೆ ಉದ್ದಕ್ಕೆ ಚಾಚಿದ ಕಟ್ಟೆಯಲ್ಲಿ. ರಾಂಬ್ಲಾ ರಸ್ತೆಯ ತುದಿಯಲ್ಲಿ, 1888ರ ವಸ್ತುಪ್ರದರ್ಶನಕ್ಕೆ ಕಟ್ಟಿದ ಕೊಲಂಬಸ್ ಕಂಬವಿದೆ. ಅಲ್ಲಿ ನಿಂತರೆ ಹಡಗುಗಳು ಪಕ್ಕದಲ್ಲೇ ಇದ್ದಂತೆ ಕಾಣುತ್ತವೆ. ಆದರೆ ಅಲ್ಲಿಂದ ಎತ್ತುವ ಸೇತುವೆ ದಾಟಿ ಟರ್ಮಿನಲ್ ಮುಟ್ಟಲು ಕಿಲೋಮೀಟರುಗಟ್ಟಲೆ ನಡೆಯಬೇಕು, ಪೆಟ್ಟಿಗೆ ಎಳೆದುಕೊಂಡು ಆಗದ ಮಾತು. ಬಂದರಿನ ಹತ್ತಿರ ಇದ್ದರೂ ಟ್ಯಾಕ್ಸಿ ಬೇಕೇ ಬೇಕು, ಊರೊಳಗಿದ್ದರೂ ಟ್ಯಾಕ್ಸಿ ಬೇಕು. ಹಾಗಿರುವಾಗ ಅತ್ತೆಯವರ ಮಂಡಿಗೆ ಯಾವುದು ಹಿತವೋ ಅದನ್ನು ಆರಿಸಿ.

ನನ್ನ ಆಯ್ಕೆ ಎಶಾಂಪ್ಲ ಬಡಾವಣೆ. ಇಲ್ಡೆಫೊನ್ಸ್ ಸೆರ್ಡಾ ಎಂಬ ಎಂಜಿನಿಯರ್ 1859ರಲ್ಲಿ ಹಾಕಿದ ನಕ್ಷೆ ಅದು: ಚದುರಂಗದ ಮನೆಗಳಂತೆ ಚೌಕ ಚೌಕ ಬ್ಲಾಕುಗಳು, ಮೂಲೆ ಕತ್ತರಿಸಿದ ಕಟ್ಟಡಗಳು, ಅಗಲವಾದ ಕಾಲುದಾರಿ. ಟ್ಯಾಕ್ಸಿ ಹೋಟೆಲಿನ ಬಾಗಿಲಿಗೇ ಬರುತ್ತದೆ. ಹಳೆಯ ಗಾಥಿಕ್ ಕೇರಿ ನೋಡಲು ಬಲು ಚೆಂದ. ಆದರೆ ಎಷ್ಟೋ ಓಣಿಗಳಿಗೆ ಕಾರು ಹೋಗುವುದಿಲ್ಲ, ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇದೆಯೇ ಎಂದು ವಿಚಾರಿಸಬೇಕು, ರಾತ್ರಿ ಗದ್ದಲ. ಅಲ್ಲಿಗೆ ಸಂಜೆ ಹೋಗಿ ಸುತ್ತಾಡಿ ಬನ್ನಿ, ಮಲಗುವುದು ಬೇಡ. ಬಾಡಿಗೆ ಫ್ಲ್ಯಾಟೂ ಬೇಡ ಎನ್ನುತ್ತೇನೆ. ಬೆಳಿಗ್ಗೆ ಖಾಲಿ ಮಾಡಿದ ಮೇಲೆ ಹಡಗಿನ ಹೊತ್ತಿನವರೆಗೆ ಪೆಟ್ಟಿಗೆ ಇಡಲು ಜಾಗವಿರುವುದಿಲ್ಲ, ಹೋಟೆಲಾದರೆ ಸ್ವಾಗತದವರೇ ಇಟ್ಟುಕೊಳ್ಳುತ್ತಾರೆ. ಒಂದು ಎಚ್ಚರಿಕೆ: ನೀವು ಶುಕ್ರವಾರ ಬೆಳಿಗ್ಗೆ ಹೋದಾಗ ಕೋಣೆ ಸಿಗುವುದು ಮಧ್ಯಾಹ್ನ ಎರಡು ಮೂರಕ್ಕೆ. ರಾತ್ರಿಯಿಡೀ ಪ್ರಯಾಣ ಮಾಡಿದ ಅತ್ತೆಯವರನ್ನು ಸೋಫಾದ ಮೇಲೆ ಕೂರಿಸಬೇಡಿ. ಬೇಗ ಕೋಣೆ ಕೊಡಲು ಮೊದಲೇ ಬರೆದು ಕೇಳಿ, ಹೆಚ್ಚಿಗೆ ದುಡ್ಡು ಕೇಳಿದರೂ ಕೊಡಿ. ಕೋಣೆ ಬಾಡಿಗೆ ಮೊದಲೇ ಕಟ್ಟಿದ್ದರೂ ದೊಡ್ಡವರಿಗೆ ತಲಾ ರಾತ್ರಿಯ ಲೆಕ್ಕದಲ್ಲಿ ಪ್ರವಾಸಿ ತೆರಿಗೆ ಬೇರೆ ಕಟ್ಟಬೇಕು, ನಿಮ್ಮ ಮಗನಿಗೆ ಇಲ್ಲ.

ಭಾವನವರ ಮ್ಯಾಡ್ರಿಡ್ ಸಲಹೆ ಕೆಟ್ಟದ್ದಲ್ಲ, ಅದರ ಜಾಗ ಬೇರೆ. ವೇಗದ ರೈಲಿನಲ್ಲಿ ಬಾರ್ಸಿಲೋನಾದಿಂದ ಸುಮಾರು ಎರಡೂವರೆ-ಮೂರು ಗಂಟೆಯ ದಾರಿ. ಆದರೆ ಹಡಗಿಗೆ ಮೊದಲಿನ ದಿನಗಳಲ್ಲಿ ದೂರ ಹೋದಷ್ಟೂ, ನೀವು ದುಡ್ಡು ಕೊಟ್ಟು ಕೊಂಡ ಬಿಡುವು ಕರಗುತ್ತದೆ. ಪೆಟ್ಟಿಗೆ ತಡವಾಗಿ ಬಂದರೆ ತೆಗೆದುಕೊಳ್ಳಲು ನೀವೇ ಊರಲ್ಲಿರುವುದಿಲ್ಲ, ರೈಲು ಮುಷ್ಕರವಾದರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಮ್ಯಾಡ್ರಿಡ್ ನೋಡಲೇಬೇಕೆಂದರೆ ಕ್ರೂಸ್ ಮುಗಿದ ಮೇಲೆ ಹೋಗಿ, ಅಲ್ಲಿಂದಲೇ ವಿಮಾನ ಹತ್ತಿ. ಹಾಗೆ ಮಾಡಿದರೆ ವೀಸಾ ದಿನಗಳನ್ನೂ ಅದಕ್ಕೆ ತಕ್ಕಂತೆ ಕೇಳಬೇಕು.

ಆ ಎರಡು ದಿನ ಏನು ನೋಡುವುದು ಎಂಬುದನ್ನು ನಾನು ಉದ್ದ ಮಾಡುವುದಿಲ್ಲ. ಶುಕ್ರವಾರ ವಿಶ್ರಾಂತಿ, ಸಂಜೆ ಹತ್ತಿರದಲ್ಲೇ ಒಂದು ಸುತ್ತು. ಶನಿವಾರ ಬೆಳಿಗ್ಗೆ ಸಗ್ರಾದಾ ಫಮೀಲಿಯಾ. 1882ರಲ್ಲಿ ಕಟ್ಟಲು ಶುರುವಾಗಿ, ಮರು ವರ್ಷ ಆಂಟೋನಿ ಗೌಡಿಯ ಕೈಗೆ ಬಂದು, ಅವನು 1926ರಲ್ಲಿ ಟ್ರಾಮ್ ಬಡಿದು ತೀರಿಕೊಂಡ ಮೇಲೂ ಕಟ್ಟುತ್ತಲೇ ಇರುವ ಚರ್ಚು ಅದು. ಒಳಗೆ ಬಣ್ಣದ ಗಾಜಿನಿಂದ ಬೀಳುವ ಬೆಳಕನ್ನು ನೋಡಲು ಬೆಳಗಿನ ಹೊತ್ತೇ ಚೆನ್ನ. ಟಿಕೆಟ್ಟನ್ನು ಆನ್‌ಲೈನಿನಲ್ಲಿ ಗಂಟೆ ನಿಗದಿ ಮಾಡಿ ವಾರಗಳ ಮೊದಲೇ ಕೊಳ್ಳಬೇಕು, ಅಲ್ಲಿ ಹೋಗಿ ಕೊಳ್ಳುತ್ತೇವೆಂದರೆ ನಿರಾಸೆ. ಗುಯೆಲ್ ಪಾರ್ಕ್ ಏರುದಾರಿ, ಅತ್ತೆಯವರಿಗೆ ಟ್ಯಾಕ್ಸಿಯೇ ಸರಿ. ಭಾನುವಾರ ಬೆಳಿಗ್ಗೆ ಏನನ್ನೂ ಇಟ್ಟುಕೊಳ್ಳಬೇಡಿ.

ಜೇಬುಗಳ್ಳರ ಭಯ ಸುಳ್ಳಲ್ಲ. ರಾಂಬ್ಲಾ, ಮೆಟ್ರೋ, ಸಗ್ರಾದಾ ಫಮೀಲಿಯಾದ ಸುತ್ತಮುತ್ತ ಅವರು ಇದ್ದೇ ಇರುತ್ತಾರೆ. ಮೈಮೇಲೆ ಏನೋ ಚೆಲ್ಲಿ “ಒರೆಸುತ್ತೇನೆ” ಎಂದು ಹತ್ತಿರ ಬರುವವರು, ಮೆಟ್ರೋ ಬಾಗಿಲು ಮುಚ್ಚುವ ಕ್ಷಣದಲ್ಲಿ ನೂಕುವವರು. ಮೈಮೇಲೆ ಕೈಮಾಡುವುದು ಅಪರೂಪ, ಅವರಿಗೆ ಬೇಕಾದದ್ದು ಚೀಲ. ದುಡ್ಡು ಹೋದರೆ ಪ್ರವಾಸ ನಿಲ್ಲುವುದಿಲ್ಲ, ಪಾಸ್‌ಪೋರ್ಟ್ ಹೋದರೆ ನಿಲ್ಲುತ್ತದೆ. ಪಾಸ್‌ಪೋರ್ಟಿನ ಜೊತೆಗೇ ವೀಸಾ ಹೋಗುತ್ತದೆ. ಮ್ಯಾಡ್ರಿಡ್‌ನಲ್ಲಿರುವ ಭಾರತದ ರಾಯಭಾರ ಕಚೇರಿ ತುರ್ತು ಪ್ರಮಾಣಪತ್ರ ಕೊಡಬಹುದು, ಆದರೆ ಅದು ಮನೆಗೆ ಮರಳಲು ಮಾತ್ರ, ಅದನ್ನು ತೋರಿಸಿ ಹಡಗು ಹತ್ತಲಾಗದು. ಆದ್ದರಿಂದ ಸುತ್ತಾಡುವಾಗ ನಾಲ್ಕೂ ಪಾಸ್‌ಪೋರ್ಟ್ ಕೋಣೆಯ ಲಾಕರಿನಲ್ಲಿರಲಿ, ಜೊತೆಯಲ್ಲಿ ಬಣ್ಣದ ಪ್ರತಿ ಇರಲಿ. ನಾಲ್ಕನ್ನೂ ಒಬ್ಬರೇ ಒಂದೇ ಚೀಲದಲ್ಲಿ ಹೊತ್ತು ತಿರುಗುವುದನ್ನು ಮಾತ್ರ ಮಾಡಬೇಡಿ. ಅತ್ತೆಯವರ ಭುಜದಿಂದ ಚೀಲ ಇಳಿಸಿ ನೀವು ಮುಂದಕ್ಕೆ ಹಾಕಿಕೊಳ್ಳಿ, ಅರ್ಧ ಭಯ ಅಲ್ಲೇ ಹೋಗುತ್ತದೆ. ಏನಾದರೂ ಆದರೆ ಫೋನ್ 112.

ಖರ್ಚು ದಂಡವೇ ಎಂದು ಕೇಳಿದ್ದಿರಿ. ಅದೇ ದಿನ ಇಳಿದರೆ ಎರಡು ರಾತ್ರಿಯ ಬಾಡಿಗೆ ಉಳಿಯುತ್ತದೆ, ಪಣಕ್ಕೆ ಬೀಳುವುದು ನಾಲ್ವರ ಇಡೀ ಕ್ರೂಸಿನ ದುಡ್ಡು. ಹಡಗು ತಪ್ಪಿದವರಿಗೆ ಕಂಪನಿ ಹಣ ವಾಪಸ್ ಕೊಡುವುದಿಲ್ಲ. ಯುರೋಪಿನ ವಿಮಾನ ಪ್ರಯಾಣಿಕರ ಪರಿಹಾರ ನಿಯಮವೂ ನೆರವಿಗೆ ಬರದಿರಬಹುದು, ಏಕೆಂದರೆ ಇಲ್ಲಿಂದ ಅಲ್ಲಿಗೆ ಹೋಗುವಾಗ ಅದು ಯುರೋಪಿನ ವಿಮಾನ ಕಂಪನಿಗಳಿಗಷ್ಟೇ ಅನ್ವಯ, ಕೊಲ್ಲಿ ದೇಶಗಳ ಕಂಪನಿಗಳಿಗೆ ಇಲ್ಲ. ಒಂದೇ ರಾತ್ರಿ ಇರುತ್ತೇವೆ ಎಂದರೆ ನೀವು ತಲುಪುವುದು ಬಹುಮಟ್ಟಿಗೆ ಖಾತ್ರಿ, ಪೆಟ್ಟಿಗೆ ಅಲ್ಲ. ಕೈ ತೀರಾ ಬಿಗಿಯಾಗಿದ್ದರೆ ಅದನ್ನಾದರೂ ಮಾಡಿ, ಆಗ ಕೈಚೀಲದಲ್ಲೇ ಎರಡು ದಿನದ ಬಟ್ಟೆ ಇಡಿ.

ಭಾನುವಾರ ಬೆಳಿಗ್ಗೆ ಹೋಟೆಲಿನವರಿಗೆ ಹೇಳಿ ದೊಡ್ಡ ಟ್ಯಾಕ್ಸಿ ಕರೆಸಿ. ಸಾಮಾನ್ಯ ಕಪ್ಪು-ಹಳದಿ ಟ್ಯಾಕ್ಸಿಯಲ್ಲಿ ನಾಲ್ಕು ಜನ ಕೂರಬಹುದು, ಜೊತೆಗೆ ನಾಲ್ಕು ದೊಡ್ಡ ಪೆಟ್ಟಿಗೆ ಹಿಡಿಸುವುದಿಲ್ಲ. ಬೋರ್ಡಿಂಗ್ ಪಾಸಿನಲ್ಲಿ ಟರ್ಮಿನಲಿನ ಅಕ್ಷರ ಇರುತ್ತದೆ, ಚಾಲಕರಿಗೆ ಅದನ್ನೂ ಹಡಗಿನ ಹೆಸರನ್ನೂ ತೋರಿಸಿ. ಟರ್ಮಿನಲಿನಲ್ಲಿ ಕೊಟ್ಟ ಪೆಟ್ಟಿಗೆಗಳು ಕ್ಯಾಬಿನ್ನಿಗೆ ಬರುವಾಗ ಸಂಜೆಯಾಗಬಹುದು. ಪಾಸ್‌ಪೋರ್ಟ್, ಇನ್ಸುಲಿನ್, ಅತ್ತೆಯವರಿಗೆ ತಿನ್ನಲು ಏನಾದರೂ, ಮಗನಿಗೊಂದು ಜೊತೆ ಬಟ್ಟೆ ನಿಮ್ಮ ಕೈಯಲ್ಲೇ ಇರಲಿ. ಗಾಲಿಕುರ್ಚಿ ಬೇಕಿದ್ದರೆ ಕಂಪನಿಗೆ ಈಗಲೇ ಬರೆಯಿರಿ. ಏಜೆಂಟರಿಗೆ ಈ ವಾರವೇ ಫೋನ್ ಮಾಡಿ, ಶುಕ್ರವಾರ ಬೆಳಿಗ್ಗೆ ಇಳಿಯುವ ವಿಮಾನವನ್ನು ಎರಡೂ ಹಾರಾಟ ಒಂದೇ ಟಿಕೆಟ್ಟಿನಲ್ಲಿ ಇರುವಂತೆ ಹುಡುಕಲು ಹೇಳಿ. ಬೇರೆ ಬೇರೆ ಟಿಕೆಟ್ಟಾದರೆ ಮೊದಲನೆಯದು ತಡವಾದಾಗ ಎರಡನೆಯ ಕಂಪನಿಗೆ ಯಾವ ಜವಾಬ್ದಾರಿಯೂ ಇರುವುದಿಲ್ಲ. ಅದು ಖಚಿತವಾದ ಮೇಲೆ ಹೋಟೆಲ್, ಆಮೇಲೆ ವೀಸಾ ಅರ್ಜಿ.